‘ನಾಳೆಯಿಂದ ಬರಬೇಡ’ ಅಂದ್ರೆ ಅದೂ ಕೆಲಸ ಹೋದಂಗೇ



ಸ್ವಲ್ಪ ಉದ್ದ ಬರೀತಾ ಇದೀನಿ. ಪುರುಸೊತ್ತು ಮಾಡ್ಕೊಂಡು ಓದಿ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನಮ್ಮ ಹುಡುಗ ಹುಡುಗಿಯರ ಅನ್ನದ ವಿಷಯ ಇದು.

ಒಂದು ಕಾರ್ಖಾನೆ ಮುಚ್ಚಿ ಸಾವಿರ ಜನ ಬೀದಿಗೆ ಬಿದ್ದರೆ ಅದು ಸುದ್ದಿ. ಟಿವಿಯವರು ಬರ್ತಾರೆ, ಶಾಸಕರು ಬರ್ತಾರೆ, ಡಿಸಿ ಆಫೀಸಿಗೆ ಮನವಿ ಹೋಗುತ್ತೆ. ಅದೇ ಸಾವಿರ ಅಂಗಡಿ, ಹೋಟೆಲ್ಲು, ಲಾಡ್ಜುಗಳಲ್ಲಿ ಒಬ್ಬೊಬ್ಬರನ್ನ ‘ನಾಳೆಯಿಂದ ಬರಬೇಡ’ ಅಂತ ಕಳಿಸಿದರೆ? ಅಲ್ಲೂ ಹೋಗಿದ್ದು ಸಾವಿರ ಕೆಲಸವೇ. ಸಾವಿರ ಮನೆಯ ಒಲೆಯೇ. ಆದರೆ ಅದು ಎಲ್ಲೂ ಸುದ್ದಿ ಆಗಲ್ಲ, ಯಾವ ಫೈಲಿಗೂ ಬರಲ್ಲ. ಯಾಕೆ?

ಅಲ್ಲಿ ಕೆಲಸ ಹೋಗಿಲ್ಲ ಅಂತ ಅಲ್ಲ. ಅಲ್ಲಿ ಕೆಲಸ ಇತ್ತು ಅನ್ನೋದಕ್ಕೇ ಕಾಗದ ಇಲ್ಲ. ನಾನು ಗುಮಾಸ್ತ, ಇಪ್ಪತ್ತು ವರ್ಷದಿಂದ ಫೈಲು ನೋಡ್ತಾ ಇರೋನು. ಆಫೀಸಿನ ಕಣ್ಣಲ್ಲಿ ಕಾಗದ ಇದ್ದರೆ ಮನುಷ್ಯ, ಕಾಗದ ಇಲ್ಲದಿದ್ದರೆ ಬರೀ ಗಾಳಿ. ನಮ್ಮ ಮಕ್ಕಳಲ್ಲಿ ಬಹಳ ಜನ ಇವತ್ತು ದುಡೀತಾ ಇರೋದು ಈ ಕಾಗದವೇ ಇಲ್ಲದ ಕಡೆ. ನಾನು ಹೇಳಬೇಕಾಗಿರೋದು ಇಷ್ಟೇ. ಮಿಕ್ಕಿದ್ದು ಇದರ ವಿವರ.

*ಗೇಟು ಇದ್ದವರ ಕಥೆ*

2020ರ ಜೂನ್ ನೆನಪು ಮಾಡ್ಕೊಳ್ಳಿ. ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸುಮಾರು 1,200 ಜನಕ್ಕೆ ಲೇ-ಆಫ್ ಅಂದರು. ಹೆಚ್ಚಿನವರು ಹೆಣ್ಣುಮಕ್ಕಳು. ಅವರು ಮನೆಗೆ ಹೋಗಲಿಲ್ಲ, ಅಲ್ಲೇ ಧರಣಿ ಕೂತರು, ವಾರಗಟ್ಟಲೆ ಕೂತರು. ಅವರ ಸಂಘ ಇತ್ತು. ಅಲ್ಲಿ ಹೊಲಿದ ಬಟ್ಟೆ ತಗೊಳ್ಳೋ ಎಚ್ ಅಂಡ್ ಎಂ ಕಂಪನಿಯ ಹೆಸರು ಹಿಡಿದು ವಿದೇಶದಲ್ಲೂ ಜನ ಪ್ರಶ್ನೆ ಕೇಳಿದರು. ಮರು ವರ್ಷ ಸಂಘಕ್ಕೂ ಕಂಪನಿಗೂ ಒಪ್ಪಂದ ಆಗಿ, ಆ ಕಾರ್ಮಿಕರನ್ನ ಮತ್ತೆ ಕೆಲಸಕ್ಕೆ ತಗೊಳ್ಳೋಕೆ ಕಂಪನಿ ಒಪ್ಪಿತು.

ಅದಕ್ಕೂ ಮೊದಲು, 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ವಾಪಸ್ ತಗೊಳ್ಳೋ ನಿಯಮವನ್ನ ಕೇಂದ್ರ ಸರ್ಕಾರ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಎರಡೇ ದಿನಕ್ಕೆ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಅವರಿಗೆ ಆ ಶಕ್ತಿ ಎಲ್ಲಿಂದ ಬಂತು? ಒಂದು ಸೂರಿನಡಿ ಸಾವಿರ ಜನ ಇದ್ದರು. ಎಲ್ಲರೂ ಹೋಗಿ ಬರೋ ಒಂದು ಗೇಟ್ ಇತ್ತು, ಹಾಜರಿ ಪುಸ್ತಕ, ಪಿಎಫ್ ನಂಬರ್ ಇತ್ತು. ಗೇಟ್ ಇದ್ದರೆ ಅದರ ಮುಂದೆ ಕೂರಬಹುದು.

*ಗೇಟು ಇಲ್ಲದವರ ಕಥೆ*

ಈಗ ಬೇಲೂರಿನ ಪಕ್ಕದ ಚಿಕ್ಕಮಗಳೂರನ್ನೇ ತಗೊಳ್ಳಿ. ಅಲ್ಲಿಯ ಕಾಫಿಯನ್ನ ನಂಬಿ ಬೆಳೆದ ಕೆಫೆ ಕಾಫಿ ಡೇಗೆ 2019ರಲ್ಲಿ ದೇಶದಲ್ಲಿ 1,700ಕ್ಕೂ ಹೆಚ್ಚು ಅಂಗಡಿ ಇದ್ದವು. ಸಾಲ, ಮಾಲೀಕರಾದ ಸಿದ್ಧಾರ್ಥ ಅವರ ಸಾವು, ಆಮೇಲೆ ಕೊರೊನಾ. 2022ರ ಹೊತ್ತಿಗೆ ಉಳಿದಿದ್ದು 500ರ ಆಸುಪಾಸು. ಅಂದರೆ ಸಾವಿರಕ್ಕೂ ಹೆಚ್ಚು ಅಂಗಡಿಗೆ ಬಾಗಿಲು ಬಿತ್ತು. ಒಂದೊಂದರಲ್ಲಿ ಐದಾರು ಜನ ಇದ್ದರೂ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ. ಪತ್ರಿಕೆಗಳು ಕಂಪನಿಯ ಸಾಲದ ಬಗ್ಗೆ ಬರೆದವು, ಷೇರಿನ ಬಗ್ಗೆ ಬರೆದವು. ಅಲ್ಲಿ ಲೋಟ ತೊಳೆದವರ ಬಗ್ಗೆ, ಕಾಫಿ ಹಿಡಿದುಕೊಂಡು ಟೇಬಲ್‌ಗೆ ಓಡಾಡಿದವರ ಬಗ್ಗೆ ಎಲ್ಲಾದರೂ ಒಂದು ಧರಣಿ ನಡೆದದ್ದು ನಿಮಗೆ ನೆನಪಿದೆಯಾ? ನನಗಂತೂ ಇಲ್ಲ. ಕೂರೋದಾದರೂ ಎಲ್ಲಿ? ಒಂದೊಂದು ಊರಲ್ಲಿ ಐದೈದು ಜನ. ಒಬ್ಬರಿಗೊಬ್ಬರ ಮುಖ ಪರಿಚಯವೂ ಇಲ್ಲ.

ಇದೇ ನಮ್ಮ ಬೇಲೂರು, ಹಳೇಬೀಡಿನಲ್ಲೂ ಆಯ್ತು. ಪುರಾತತ್ವ ಇಲಾಖೆ ತನ್ನ ಸ್ಮಾರಕಗಳನ್ನ 2020ರ ಮಾರ್ಚ್ 17ರಿಂದ ಮುಚ್ಚಿತು. ಮತ್ತೆ ತೆರೆಯೋಕೆ ಅನುಮತಿ ಸಿಕ್ಕಿದ್ದು ಜುಲೈ 6ಕ್ಕೆ. ಮಾರನೇ ವರ್ಷ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ ಬೀಗ. ತೆರೆದ ಮೇಲೂ ತಿಂಗಳುಗಟ್ಟಲೆ ಶಾಲೆ ಟ್ರಿಪ್ಪಿನ ಬಸ್ಸಿಲ್ಲ, ಹೊರದೇಶದವರಿಲ್ಲ. ಗೈಡುಗಳು, ಫೋಟೋ ತೆಗೆಯೋರು, ಎಳನೀರಿನವರು, ಗೊಂಬೆ ಮಾರೋರು, ಚಪ್ಪಲಿ ಕಾಯೋರು, ಆಟೋದವರು, ಲಾಡ್ಜಲ್ಲಿ ಹಾಸಿಗೆ ಬಟ್ಟೆ ಒಗೆಯೋ ಹೆಂಗಸರು, ಹೋಟೆಲ್ಲಿನ ಸಪ್ಲೈಯರ್, ಕ್ಲೀನರ್. ಇವರೆಲ್ಲರ ಕೆಲಸ ನಿಂತಿದ್ದು ಒಂದೇ ದಿನ. ದೇವಸ್ಥಾನಕ್ಕೆ ಬಂದ ಪ್ರವಾಸಿಗರ ಲೆಕ್ಕ ಇಲಾಖೆಯಲ್ಲಿ ಸಿಗುತ್ತೆ. ಎಷ್ಟು ಜನರ ಅನ್ನ ಹೋಯ್ತು ಅನ್ನೋ ಲೆಕ್ಕ ಯಾವ ಟೇಬಲ್ಲಿನ ಮೇಲಿದೆ ಹೇಳಿ?

ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಸುಮಾರು 12.2 ಕೋಟಿ ಜನರ ದುಡಿಮೆ ಹೋಯ್ತು ಅಂತ ಸಿಎಂಐಇ ಸಂಸ್ಥೆ ಅಂದಾಜು ಮಾಡಿತ್ತು. ಅದರಲ್ಲಿ 9.1 ಕೋಟಿ ಜನ ಸಣ್ಣ ವ್ಯಾಪಾರಿಗಳು ಮತ್ತು ಕೂಲಿಯವರು. ತಿಂಗಳ ಸಂಬಳದವರು 1.8 ಕೋಟಿಯಷ್ಟು. ಏಟು ಹೆಚ್ಚು ಬಿದ್ದಿದ್ದು ಎಲ್ಲಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಪರಿಹಾರ? 2020ರ ಮೇ 6ರಂದು ರಾಜ್ಯ ಸರ್ಕಾರ ಪ್ಯಾಕೇಜ್ ಘೋಷಿಸಿತು. ಸುಮಾರು 60 ಸಾವಿರ ಅಗಸರಿಗೆ, 2.30 ಲಕ್ಷ ಕ್ಷೌರಿಕರಿಗೆ, 7.75 ಲಕ್ಷ ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದೇ ಸಲ. ಅಷ್ಟಾದರೂ ಕೊಟ್ಟರಲ್ಲ, ಸರಿ. ಆದರೆ ಬಟ್ಟೆ ಅಂಗಡಿಯ ಹುಡುಗಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಲಾಡ್ಜ್ ರೂಂ ಬಾಯ್ ಇರಲಿಲ್ಲ. ಬೀದಿ ಬದಿ ವ್ಯಾಪಾರಿಗೆ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಅಂತ ಜೂನ್‌ನಲ್ಲಿ 10,000 ರೂಪಾಯಿ ಕೊಡಿಸಿತು. ಅದು ಪರಿಹಾರ ಅಲ್ಲ, ಸಾಲ. ಕೆಲಸ ಹೋದವನ ಕೈಗೆ ಕಂತಿನ ಪುಸ್ತಕ.

*ಕಾನೂನೇ ಎರಡು ತಕ್ಕಡಿ ಇಟ್ಟಿದೆ*

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಒಂದು ಅಧ್ಯಾಯ ಇತ್ತು, 5-ಬಿ ಅಂತ. ನೂರು ಅಥವಾ ಹೆಚ್ಚು ಜನ ಇರೋ ಕಡೆ ಲೇ-ಆಫ್ ಮಾಡೋಕೆ, ಕೆಲಸದಿಂದ ತೆಗೆಯೋಕೆ, ಮುಚ್ಚೋಕೆ ಮುಂಚೆ ಸರ್ಕಾರದ ಅನುಮತಿ ಬೇಕು. ಶ್ರೀರಂಗಪಟ್ಟಣದ ಹೆಣ್ಣುಮಕ್ಕಳು ಹಿಡಿದಿದ್ದು ಈ ಎಳೆಯನ್ನೇ. ಆದರೆ ಆ ಅಧ್ಯಾಯ ಯಾರಿಗೆ ಅನ್ವಯ? ಕಾರ್ಖಾನೆಗೆ, ಗಣಿಗೆ, ಪ್ಲಾಂಟೇಶನ್ನಿಗೆ. ಬೇಲೂರು ಕಡೆಯ ದೊಡ್ಡ ಕಾಫಿ ಎಸ್ಟೇಟಿನ ಆಳು ಅದರೊಳಗೆ ಬರಬಹುದು. ಅದೇ ಬೇಲೂರಿನ ಹೋಟೆಲ್ಲಿನ ಆಳು ಬರಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಇನ್ನೂರು ಜನ ಇದ್ದರೂ ಬರಲ್ಲ. ಅದು ಅಂಗಡಿ, ಕಾರ್ಖಾನೆ ಅಲ್ಲ.

ಹಾಗಾದರೆ ಅಂಗಡಿಯವರಿಗೆ ಕಾನೂನೇ ಇಲ್ವಾ? ಇದೆ ಸ್ವಾಮಿ, ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 6-ಎ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಆದೇಶ ಕೊಡಬೇಕು. ಅದಕ್ಕೆ ‘ನಮೂನೆ ಕ್ಯೂ’ ಅಂತ ಫಾರಂ ಕೂಡ ಇದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಕೆಲಸ. 39ನೇ ಕಲಂ ಪ್ರಕಾರ ಸತತವಾಗಿ ಆರು ತಿಂಗಳು ಕೆಲಸ ಮಾಡಿದವರನ್ನ ಸರಿಯಾದ ಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ. ತೆಗೆಯೋದಾದರೆ ಒಂದು ತಿಂಗಳು ಮುಂಚೆ ನೋಟಿಸ್, ಇಲ್ಲ ಅಂದರೆ ಒಂದು ತಿಂಗಳ ಸಂಬಳ.

ಅರಸೀಕೆರೆ ಪೇಟೆಯಲ್ಲಿ ‘ನಮೂನೆ ಕ್ಯೂ’ ಕೈಯಲ್ಲಿ ಹಿಡಿದಿರೋ ಒಬ್ಬ ಸೇಲ್ಸ್ ಹುಡುಗಿಯನ್ನ ತೋರಿಸಿ, ನಾನು ಅವಳಿಗೂ ನಿಮಗೂ ಊಟ ಹಾಕಿಸ್ತೀನಿ.

ನಮ್ಮ ಕೇರಿಯ ಹುಡುಗಿ ಒಬ್ಬಳು ನಾಲ್ಕು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ದುಡಿದಳು. ಬೆಳಗ್ಗೆ ಹತ್ತಕ್ಕೆ ಹೋದರೆ ರಾತ್ರಿ ಒಂಬತ್ತು ಮುಕ್ಕಾಲು. ಕೂರೋಕೆ ಸ್ಟೂಲ್ ಇಲ್ಲ. ಒಂದು ದೀಪಾವಳಿ ಕಳೆದ ಮೇಲೆ ‘ವ್ಯಾಪಾರ ಡಲ್ಲು, ಹೇಳಿ ಕಳಿಸ್ತೀವಿ’ ಅಂದರು. ‘ಅಣ್ಣಾ, ತೆಗೆದಿದೀವಿ ಅಂತ್ಲೂ ಹೇಳಲಿಲ್ಲ, ಇರು ಅಂತ್ಲೂ ಹೇಳಲಿಲ್ಲ. ಏನಂತ ಕೇಳ್ಲಿ?’ ಅಂದಳು. ದೂರು ಬರೆಯೋಣ ಅಂತ ಕೂತರೆ ಅವಳು ಅಲ್ಲಿ ಕೆಲಸ ಮಾಡಿದ್ದಕ್ಕೆ ಒಂದು ಚೀಟಿ ಇಲ್ಲ. ಸಂಬಳ ಕವರಿನಲ್ಲಿ, ಹಾಜರಿ ಮಾಲೀಕರ ತಲೆಯಲ್ಲಿ. ಎಂಟು ಸಾವಿರ ಕೊಡ್ತಿದ್ರು, ಇಎಸ್‌ಐ ಇಲ್ಲ, ಪಿಎಫ್ ಇಲ್ಲ.

ನೋಡಿ, ಕಾರ್ಖಾನೆ ಮುಚ್ಚಿದರೆ ‘ಮುಚ್ಚಿದೆ’ ಅಂತ ಬೋರ್ಡ್ ಹಾಕ್ತಾರೆ. ಇಲ್ಲಿ ಕೆಲಸ ಹೋಯ್ತು ಅಂತ ಹೇಳೋ ಮರ್ಯಾದೆಯೂ ಇಲ್ಲ. ‘ಹೇಳಿ ಕಳಿಸ್ತೀವಿ’ ಅಷ್ಟೆ.

ಸರ್ಕಾರದ ಎಣಿಕೆಯೂ ಹೀಗೇ. ಕೇಂದ್ರದ ಲೇಬರ್ ಬ್ಯೂರೋ ಮೂರು ತಿಂಗಳಿಗೊಮ್ಮೆ ಮಾಡುವ ಉದ್ಯೋಗ ಸಮೀಕ್ಷೆಗೆ ಬರೋದು ಹತ್ತು ಅಥವಾ ಹೆಚ್ಚು ಜನ ಇರೋ ಸಂಸ್ಥೆಗಳು. ಇಎಸ್‌ಐ ಹತ್ತು ಜನಕ್ಕೆ, ಪಿಎಫ್ ಇಪ್ಪತ್ತು ಜನಕ್ಕೆ. ನಮ್ಮ ಪೇಟೆ ನಡೆಯೋದು ಎಂಟು ಜನ, ಒಂಬತ್ತು ಜನದ ಅಂಗಡಿಗಳ ಮೇಲೆ. ಕೆಲವು ಕಡೆ ಹದಿನೈದು ಜನ ಇದ್ದರೂ ಪುಸ್ತಕದಲ್ಲಿ ಒಂಬತ್ತೇ.

*ಇದರಲ್ಲಿ ಜಾತಿ ಎಲ್ಲಿ ಬಂತು ಅನ್ನೋರಿಗೆ*

ಬಂತು. ಮೊದಲಿಂದಲೂ ಇತ್ತು. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ನಮ್ಮವರನ್ನ ನೇಯ್ಗೆ ವಿಭಾಗಕ್ಕೆ ಬಿಡ್ತಾ ಇರಲಿಲ್ಲ. ಯಾಕೆ? ದಾರವನ್ನ ಬಾಯಿಂದ ಎಳೆಯಬೇಕಿತ್ತು, ಎಂಜಲು ಮೈಲಿಗೆ ಅಂತ. ಸಂಬಳ ಜಾಸ್ತಿ ಇದ್ದಿದ್ದೂ ಅದೇ ವಿಭಾಗದಲ್ಲಿ. 1938ರ ಫೆಬ್ರವರಿಯಲ್ಲಿ ಮನ್ಮಾಡ್‌ನಲ್ಲಿ ನಡೆದ ರೈಲ್ವೆ ದಲಿತ ಕಾರ್ಮಿಕರ ಸಮಾವೇಶದಲ್ಲಿ ಬಾಬಾಸಾಹೇಬರು ಇಂಥದ್ದೇ ಇನ್ನೊಂದು ಸಂಗತಿ ಎತ್ತಿದರು. ನಮ್ಮವರು ಜೀವಮಾನವೆಲ್ಲ ಗ್ಯಾಂಗ್‌ಮನ್. ಪೋರ್ಟರ್ ಕೆಲಸ ಕೂಡ ಸಿಗಲ್ಲ, ಯಾಕಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ಟರ್ ಮನೆಗೆಲಸವನ್ನೂ ಮಾಡಬೇಕಿತ್ತು. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾರ್ಮಿಕರ ಶತ್ರುಗಳು ಅಂತ ಅವರು ಹೇಳಿದ್ದೂ ಅಲ್ಲೇ. ಜಂಕ್ಷನ್ ಊರಿನವರು ನಾವು. ಇದು ನಮಗೆ ಬೇಗ ಅರ್ಥ ಆಗಬೇಕು.

ಅಂದರೆ ಸೇವೆ, ಊಟ, ಮನೆ, ಮುಟ್ಟೋದು ಅಂತ ಬಂದ ಕಡೆಯೆಲ್ಲ ನಮಗೆ ಬಾಗಿಲು ಮುಚ್ಚಿತ್ತು. ಅದಕ್ಕೇ ಸರ್ಕಾರಿ ಕಾರ್ಖಾನೆ, ಗಣಿ, ರೈಲ್ವೆ ನಮಗೆ ಬರೀ ಸಂಬಳ ಆಗಿರಲಿಲ್ಲ. ಕ್ವಾರ್ಟರ್ಸ್, ಮಕ್ಕಳ ಓದು, ಮೀಸಲಾತಿ, ಒಂದು ಗುರುತಿನ ಚೀಟಿ.

ಕೋಲಾರ ಚಿನ್ನದ ಗಣಿ ನೋಡಿ. ಅಲ್ಲಿ ಭೂಮಿಯ ಒಳಗೆ ಇಳಿದವರಲ್ಲಿ ಬಹುಪಾಲು ದಲಿತರು. 2001ರಲ್ಲಿ ಗಣಿ ಮುಚ್ಚಿತು. ಆದರೂ ಅವರಿಗೆ ಸಂಘಗಳಿದ್ದವು, ಹೈಕೋರ್ಟಿಗೆ ಹೋದರು, ಬಾಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ನಮ್ಮ ರೈಲು ಹಳಿಯ ಮೇಲೇ ಇರೋ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯೂ ಹೋಯ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿದಾಗ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ವಿಆರ್‌ಎಸ್ ಕೊಡ್ತೀವಿ ಅಂದರು. ಸಾಲದು, ತಡ ಆಯ್ತು, ಎಲ್ಲ ಸರಿ. ಆದರೆ ಅಲ್ಲಿ ಚೌಕಾಶಿ ಮಾಡೋಕೆ ಒಂದು ಕಾಗದ ಇತ್ತು.

ಕೆಜಿಎಫ್‌ನ ಆ ಕಾರ್ಮಿಕರ ಮಕ್ಕಳು ಈಗ ಎಲ್ಲಿ? ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ, ಡೆಲಿವರಿ. ಅಪ್ಪನಿಗೆ ಪಿಎಫ್ ಇತ್ತು, ಮಗನಿಗೆ ಯೂನಿಫಾರಂ ಇದೆ. ಅರಸೀಕೆರೆಯಲ್ಲಿ ರೈಲು ಹತ್ತೋ ನಮ್ಮ ಹುಡುಗರದ್ದೂ ಇದೇ ಪಾಡು.

ಇನ್ನು ಊರ ಅಂಗಡಿಯೊಳಗೆ ಯಾರಿಗೆ ಯಾವ ಜಾಗ? ಗಲ್ಲಾದಲ್ಲಿ ಮಾಲೀಕರ ನೆಂಟ. ಮುಂದೆ ಮಾಲು ತೋರಿಸೋಕೆ ‘ನೋಡೋಕೆ ಚೆನ್ನಾಗಿರೋರು’. ಗೋಡೌನ್, ಲೋಡಿಂಗ್, ಕ್ಲೀನಿಂಗ್ ನಮಗೆ. ಹೋಟೆಲ್ಲಲ್ಲಿ ತಟ್ಟೆ ತೊಳೆಯೋನ ಜಾತಿ ಯಾರೂ ಕೇಳಲ್ಲ, ಅಡುಗೆ ಮಾಡೋನದ್ದು ಮಾತ್ರ ಕೇಳ್ತಾರೆ. ವ್ಯಾಪಾರ ಕಮ್ಮಿ ಆದಾಗ ನೆಂಟನನ್ನ ತೆಗೀತಾರಾ? ‘ಇವನನ್ನ ಕಳಿಸಿದರೆ ಕೇಳೋಕೆ ಯಾರೂ ಬರಲ್ಲ’ ಅನ್ನೋ ಲೆಕ್ಕದ ಮೇಲೆ ತೆಗೀತಾರೆ. ಅದಕ್ಕೆ ಜಾತಿ ಹೆಸರು ಹಿಡಿದು ಬಯ್ಯಬೇಕಾಗೇ ಇಲ್ಲ.

ಒಳಮೀಸಲಾತಿಗಾಗಿ ಮೂವತ್ತು ವರ್ಷ ಬೀದಿಯಲ್ಲಿದ್ವಿ. 2025ರ ಆಗಸ್ಟ್‌ನಲ್ಲಿ ಆರು, ಆರು, ಐದು ಅಂತ ಸಂಪುಟ ಹಂಚಿತು. ಆ ಹೋರಾಟ ನ್ಯಾಯವಾದದ್ದು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ಶೇಕಡಾ 17 ಇರೋದು ಸರ್ಕಾರಿ ಹುದ್ದೆಗಳಲ್ಲಿ. ನಮ್ಮ ಮಕ್ಕಳು ನಿಂತಿರೋ ಕೌಂಟರಿನಲ್ಲಿ ಆರೂ ಇಲ್ಲ, ಐದೂ ಇಲ್ಲ, ಸೊನ್ನೆ. ಇದರ ಬಗ್ಗೆಯೂ ಮಾತಾಡಬೇಕಲ್ವಾ?

*ಮೂರು ತಕರಾರು*

ಒಂದು: ‘ಅಂಗಡಿ ಕೆಲಸ ಬೇಗ ಹೋಗುತ್ತೆ, ಬೇಗ ವಾಪಸ್ ಬರುತ್ತೆ. ಕಾರ್ಖಾನೆ ಹೋದರೆ ಬರಲ್ಲ.’ ಅರ್ಧ ನಿಜ. ಬೇಲೂರು, ಹಳೇಬೀಡಿಗೆ ಜನ ಮತ್ತೆ ಬಂದರು. 2023ರ ಸೆಪ್ಟೆಂಬರ್ 18ಕ್ಕೆ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದವು. ಕೆಲಸ ವಾಪಸ್ ಬಂತು, ಆದರೆ ಆ ಮನುಷ್ಯ ವಾಪಸ್ ಬಂದನಾ? ನಲವತ್ತು ದಾಟಿದವನ ಜಾಗಕ್ಕೆ ಇಪ್ಪತ್ತರ ಹುಡುಗ, ಕಮ್ಮಿ ಸಂಬಳಕ್ಕೆ. ಹತ್ತು ವರ್ಷದ ಅನುಭವಕ್ಕೆ ಬೆಲೆಯೇ ಇಲ್ಲ, ಮತ್ತೆ ಮೊದಲಿಂದ.

ಎರಡು: ‘ಸಣ್ಣ ಮಾಲೀಕನೂ ಬಡವನೇ, ಅವನೇನು ಮಾಡ್ತಾನೆ?’ ಇದೂ ಸುಳ್ಳಲ್ಲ. ಆನ್‌ಲೈನ್ ಒಂದು ಕಡೆ, ದೊಡ್ಡ ಮಾರ್ಟ್ ಒಂದು ಕಡೆ, ಬಾಡಿಗೆ ಒಂದು ಕಡೆ. ಅದಕ್ಕೇ ನಾನು ‘ಯಾರನ್ನೂ ತೆಗೀಬೇಡಿ’ ಅಂತ ಹೇಳ್ತಾ ಇಲ್ಲ. ತೆಗೆಯೋದಾದರೆ ಕಾನೂನಿನಲ್ಲಿರೋ ಒಂದು ತಿಂಗಳ ಸಂಬಳ ಕೊಡಿ. ಉಳಿದದ್ದನ್ನ ಹೊರಬೇಕಾದದ್ದು ಸರ್ಕಾರ. ಕಟ್ಟಡ ಕಾರ್ಮಿಕರಿಗೆ ಸೆಸ್‌ನಿಂದ ನಡೆಯೋ ಮಂಡಳಿ ಇದೆ. 2025ರಲ್ಲಿ ನಮ್ಮದೇ ರಾಜ್ಯ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದು, ಪ್ಲಾಟ್‌ಫಾರಂ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿತು. ಬೈಕ್ ಮೇಲೆ ಓಡಾಡೋ, ಗೇಟೇ ಇಲ್ಲದ ಹುಡುಗರನ್ನ ಲೆಕ್ಕಕ್ಕೆ ತರಬಹುದು ಅಂದಮೇಲೆ, ದಿನಾ ಒಂದೇ ಅಂಗಡಿಯಲ್ಲಿ ನಿಂತಿರೋ ಹುಡುಗಿಯನ್ನ ತರೋಕೆ ಏನು ಕಷ್ಟ?

ಮೂರು: ‘ಕಾರ್ಖಾನೆ ಏನು ಸ್ವರ್ಗನಾ?’ ಖಂಡಿತ ಅಲ್ಲ. ಭದ್ರಾವತಿಯ ವಿಐಎಸ್‌ಎಲ್ ಮುಚ್ಚೋ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಮೊದಲು ಬೀದಿಗೆ ಬಂದವರು ಗುತ್ತಿಗೆ ಕಾರ್ಮಿಕರು. ಯಾವ ಕಾರ್ಖಾನೆಯಲ್ಲೂ ಕ್ಯಾಂಟೀನ್, ಸೆಕ್ಯುರಿಟಿ, ಕ್ಲೀನಿಂಗ್ ಮಾಡೋರು ಗೇಟಿನ ಒಳಗಿದ್ದೂ ಹೊರಗಿನವರು. ಇನ್ನೊಂದು ಗಮನಿಸಿ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಆ ನೂರು ಜನದ ಮಿತಿ ಮುನ್ನೂರಕ್ಕೆ ಏರಿದೆ. ಅಂದರೆ 250 ಜನ ಇರೋ ಕಾರ್ಖಾನೆ ಮುಚ್ಚೋಕೆ ಈಗ ಅನುಮತಿ ಬೇಡ. ಅಂಗಡಿಯವರನ್ನ ಕಾರ್ಖಾನೆಯವರ ಮಟ್ಟಕ್ಕೆ ಏರಿಸೋ ಬದಲು, ಕಾರ್ಖಾನೆಯವರನ್ನ ಅಂಗಡಿಯವರ ಮಟ್ಟಕ್ಕೆ ಇಳಿಸ್ತಾ ಇದಾರೆ. ಹಾಗಾಗಿ ಇದು ಅವರಿಗೂ ನಮಗೂ ಜಗಳ ಹಚ್ಚೋ ಮಾತಲ್ಲ. ಇಬ್ಬರೂ ಒಂದೇ ಇಳಿಜಾರಿನಲ್ಲಿ ಇದೀವಿ. ನಾವು ಸ್ವಲ್ಪ ಕೆಳಗಿದೀವಿ, ಅಷ್ಟೆ.

*ಏನು ಮಾಡೋಣ?*

ಕೆಲಸದಲ್ಲಿ ಇರೋ ತಮ್ಮಂದಿರು ತಂಗಿಯರಿಗೆ ಮೊದಲು: ಪುರಾವೆ ಇಟ್ಟುಕೊಳ್ಳಿ. ಸಂಬಳ ಫೋನ್‌ಪೇಗೆ ಹಾಕಿಸ್ಕೊಳ್ಳಿ. ಕವರ್ ಕೊಟ್ಟರೆ ತಾರೀಖು, ಮೊತ್ತ ಬರೆದಿಡಿ. ಮಾಲೀಕರ ವಾಟ್ಸಪ್ ಮೆಸೇಜ್ ಅಳಿಸಬೇಡಿ. ಅಂಗಡಿ ಯೂನಿಫಾರಂನಲ್ಲಿ, ಅಂಗಡಿಯೊಳಗೆ ತೆಗೆದ ಫೋಟೋ ಇರಲಿ. ದಿನದ ಹಾಜರಿಯನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೀರಿ. ಕೆಲಸದಿಂದ ತೆಗೆದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿ ಮಾತಿಗೆ ಆಫೀಸಿನಲ್ಲಿ ಬೆಲೆ ಇಲ್ಲ, ಇನ್‌ವರ್ಡ್ ನಂಬರಿಗೆ ಇದೆ. ಇದು ಗುಮಾಸ್ತನ ಮಾತು, ನಂಬಿ.

ಹತ್ತು ಜನ ದಾಟಿದ ಅಂಗಡಿ, ಹೋಟೆಲ್ಲುಗಳಲ್ಲಿ ಇಎಸ್‌ಐ ಕೇಳಿ. 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅದು ಸಿಗಬೇಕು. ಆಸ್ಪತ್ರೆಗೆ ಮಾತ್ರ ಅಲ್ಲ. ಕೆಲಸ ಹೋದವರಿಗೆ ಷರತ್ತುಗಳ ಮೇಲೆ 90 ದಿನದವರೆಗೆ ಅರ್ಧ ಸಂಬಳ ಕೊಡೋ ಯೋಜನೆಯೂ ಅದರಲ್ಲಿ ಇದೆ. ಆದರೆ ಇಎಸ್‌ಐ ನಂಬರೇ ಇಲ್ಲದವನಿಗೆ ಅದು ಸಿಗಲ್ಲ.

ಸರ್ಕಾರಕ್ಕೆ: ತಾಲ್ಲೂಕು ಮಟ್ಟದಲ್ಲಿ ಅಂಗಡಿ, ಹೋಟೆಲ್, ಲಾಡ್ಜ್ ಕಾರ್ಮಿಕರ ಹೆಸರು ಬರೆಯೋ ಒಂದು ರಿಜಿಸ್ಟರ್ ಇರಲಿ. ಅಂಗಡಿ ಲೈಸೆನ್ಸ್ ಕೊಡೋವಾಗ, ನವೀಕರಿಸುವಾಗ ‘ನಮೂನೆ ಕ್ಯೂ’ ಪ್ರತಿಗಳನ್ನ ಕೇಳಿ. ಕಟ್ಟಡ ಕಾರ್ಮಿಕರಿಗೆ, ಗಿಗ್ ಕಾರ್ಮಿಕರಿಗೆ ಇರೋ ಥರ ಅಂಗಡಿ, ಹೋಟೆಲ್ ಕಾರ್ಮಿಕರಿಗೂ ಹಣ ಇರೋ ಒಂದು ಮಂಡಳಿ ಮಾಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಕೊಟ್ಟವು. ನಮ್ಮ ಹೆಣ್ಣುಮಕ್ಕಳ ಕಾಲು ಕಲ್ಲಲ್ಲ.

ನಮ್ಮ ಸಂಘಟನೆಗಳಿಗೆ: ಸ್ಮಶಾನದ ಜಾಗ, ಬಗರ್‌ಹುಕುಂ, ಹಾಸ್ಟೆಲ್ಲು ಇವೆಲ್ಲ ನಮ್ಮ ಮನವಿಯಲ್ಲಿ ಇರ್ತವೆ, ಇರಬೇಕು. ಇನ್ನು ಮುಂದೆ ತಾಲ್ಲೂಕು ಕಚೇರಿಗೆ ಕೊಡೋ ಪ್ರತಿ ಮನವಿಯಲ್ಲೂ ಅಂಗಡಿ ಕೆಲಸದವರ ಒಂದು ಸಾಲು ಸೇರಲಿ. ಏಪ್ರಿಲ್ 14ರ ಜೊತೆಗೆ ಮೇ 1 ಕೂಡ ನಮ್ಮ ಹಬ್ಬವೇ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ನಮ್ಮ ಬಾಬಾಸಾಹೇಬರು. ಎಂಟು ಗಂಟೆ ಕೆಲಸದ ಮಾತು ಬಂದಾಗೆಲ್ಲ ಅವರ ಹೆಸರು ಹೇಳ್ತೀವಿ. ನಮ್ಮ ಪೇಟೆಯಲ್ಲಿ ಹನ್ನೊಂದು ಗಂಟೆ ನಿಂತೇ ಇರೋ ಹುಡುಗಿಯ ಹೆಸರನ್ನೂ ಹೇಳೋಣ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಹೀಗೆ ಕೆಲಸ ಕಳ್ಕೊಂಡವರು ಇದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಊರು, ಎಷ್ಟು ವರ್ಷದ ಕೆಲಸ, ಯಾವ ತಿಂಗಳು ತೆಗೆದರು, ಏನು ಕೊಟ್ಟರು, ಇಷ್ಟು ಸಾಕು. ಅಂಗಡಿ ಹೆಸರನ್ನ ಕಾಮೆಂಟಿನಲ್ಲಿ ಹಾಕಬೇಡಿ. ಒಂದು ಪಟ್ಟಿ ಮಾಡೋಣ. ಯಾರೂ ಎಣಿಸದಿದ್ದರೆ ನಾವೇ ಎಣಿಸೋಣ. ಪಟ್ಟಿ ಕೈಯಲ್ಲಿ ಹಿಡ್ಕೊಂಡು ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗೋ ದಿನ ಇಲ್ಲೇ ತಿಳಿಸ್ತೀನಿ. ಬನ್ನಿ.

ಜೈ ಭೀಮ್.